ಗೌರಿ ಹಬ್ಬ ಕಳೆದ ಮೇಲೆ ಗೋರಂಟೆಗೆ ಕತ್ತರಿ ಬೇಡ

ತೋಟಗಾರಿಕೆ ಇಲಾಖೆಯ ನಮ್ಮ ಹಳೆಯ ನರ್ಸರಿಗೆ ಹೊಸದಾಗಿ ಸೇರಿರುವ ನಿಶಾ ಎಂಬ ಹುಡುಗಿ ಕಳೆದ ತಿಂಗಳು ನನಗೊಂದು ನೋಟ್‌ಬುಕ್ ತಂದುಕೊಟ್ಟಳು. "ಸಾರ್, ನೀವು ಮಾತಾಡ್ತಾ ಹೇಳೋದೆಲ್ಲ ಇದರಲ್ಲಿ ಬರೆದುಕೊಡಿ. ನಮಗೆ ಟ್ರೈನಿಂಗಲ್ಲಿ ಇದ್ಯಾವುದೂ ಹೇಳಿಲ್ಲ" ಎಂದಳು. ಮೂವತ್ತೈದು ವರ್ಷ ಮಣ್ಣು ಮುಟ್ಟಿದ ಕೈ, ಪೆನ್ನು ಹಿಡಿದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ಮಾಲಿಯಾಗಿ ಸೇರಿ ಮೇಸ್ತ್ರಿಯಾಗಿ ನಿವೃತ್ತನಾದೆ. ನಡುವೆ ಯಾವಾಗ ಏನಾದೆ ಎಂಬುದನ್ನು ಕಚೇರಿಯ ಕಡತಗಳೇ ಹೇಳಲಿ. ನಾನು ಬರೆಯಹೊರಟಿರುವುದು ಒಂದು ಗಿಡದ ವಿಷಯ, ಆ ಗಿಡಕ್ಕೆ ನಾನು ಮಾಡಿದ ಎರಡು ತಪ್ಪುಗಳ ವಿಷಯ.

ಗಿಡದ ಹೆಸರು ಗೋರಂಟೆ. ಮದರಂಗಿಯನ್ನೂ ಹೀಗೇ ಕರೆಯುವ ಊರುಗಳಿವೆ, ಇದು ಅದಲ್ಲ. ಇದು ಸೊಂಟದೆತ್ತರದ ಪೊದೆ. ಚಳಿ ಬಿದ್ದಾಗ ಮೈತುಂಬ ಹೂ ಬಿಡುತ್ತದೆ. ಸ್ಫಟಿಕದ ಹೂ ಅನ್ನುವವರೂ ಇದ್ದಾರೆ, ಎಸ್ಟೇಟಿನ ತಮಿಳು ಮಾತಿನ ಹೆಂಗಸರು ಡಿಸೆಂಬರ್ ಹೂ ಅನ್ನುತ್ತಾರೆ. ನಮ್ಮ ನೆಲದ್ದೇ ಗಿಡ. ವಾಸನೆ ಇಲ್ಲ, ಆದರೆ ಉಳಿದ ಹೂವುಗಳೆಲ್ಲ ಚಳಿಗೆ ಮುದುಡಿ ಕೂತ ಹೊತ್ತಿನಲ್ಲಿ ಅರಳುವ ಹೂ ಇದು. ಸಾಮಾನ್ಯವಾಗಿ ನೇರಳೆ ಬಣ್ಣ. ನಾನು ಹೇಳುತ್ತಿರುವ ಗಿಡದ ಹೂ ಮಾತ್ರ ಬೇರೆ. ಬಿಳಿಯ ಎಸಳು, ಪ್ರತಿ ಎಸಳಿನ ನಡುವೆ ಒಂದು ನೇರಳೆ ಪಟ್ಟಿ.

ಅದು ಸೀತಮ್ಮ ಟೀಚರ ಮನೆಯ ಗಿಡ.

ಮಡಿಕೇರಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ, ಗುಡ್ಡದ ಮಗ್ಗುಲಲ್ಲಿ ಅವರ ಮನೆಯಿತ್ತು. ಟೀಚರು ಅಲ್ಲಿನ ಪ್ರೈಮರಿ ಶಾಲೆಯಲ್ಲಿದ್ದರು. ಅವರ ಯಜಮಾನರು ಭಟ್ಟರು, ಊರ ದೇವಸ್ಥಾನದ ಅರ್ಚಕರು. ಗೋರಂಟೆಯನ್ನು ಟೀಚರ ಅತ್ತೆ ತಮ್ಮ ತವರಿನಿಂದ ತಂದು ಬಚ್ಚಲ ಪಕ್ಕದಲ್ಲಿ ನೆಟ್ಟಿದ್ದರಂತೆ. ಧನುರ್ಮಾಸದ ಮೂವತ್ತು ದಿನವೂ ಬೆಳಕು ಹರಿಯುವ ಮೊದಲೇ ಅದರ ಹೂ ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ದೇವರಿಗೆ ಹಾರ ಕಳಿಸುವುದು ಆ ಮನೆಯ ಪದ್ಧತಿ. ಮದುವೆಯಾಗಿ ಬಂದ ವರ್ಷದಿಂದ ಟೀಚರು ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ತಪ್ಪಿಸಿದವನು ನಾನು.

ನರ್ಸರಿಗೆ ಸೇರಿ ಆಗ ಒಂದು ವರ್ಷವಾಗಿತ್ತು. ಅದಕ್ಕೆ ಮೊದಲು ಮೂರು ವರ್ಷ ಸೋಮವಾರಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ ಕಾಫಿ ಗಿಡಕಸಿ ಮಾಡಿದ್ದೆ. ಕಸಿ ಅಂದರೆ ನಮ್ಮಲ್ಲಿ ಗಿಡ ಸವರುವುದು. ನಮ್ಮ ಅಜ್ಜನ ಕಾಲದಲ್ಲಿ ಅರಕಲಗೂಡಿನಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಬೇಸಾಯಗಾರರ ಮನೆ ನಮ್ಮದು. ಕಾಫಿ ನಮಗೆ ಹೊಸತು. ಹೊಸತಾಗಿ ಕಲಿತವನಿಗೆ ಇರುವ ಜಂಬ ಹುಟ್ಟಾ ಬಲ್ಲವನಿಗೆ ಇರುವುದಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಒಮ್ಮೆ "ಪುಟ್ಟಸ್ವಾಮಿ ಕೈ ಇಟ್ಟ ಗಿಡ ಅಂದ್ರೆ ನೋಡಬೇಕು" ಅಂದಿದ್ದರು. ಆ ಮಾತನ್ನು ನಾನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದೆ.

ಟೀಚರು ನರ್ಸರಿಗೆ ಗುಲಾಬಿ ಗಿಡಕ್ಕೆಂದು ಬಂದವರು ನನ್ನನ್ನು ಕೇಳಿದರು. "ನಮ್ಮನೆ ಗೋರಂಟೆ ಕಾಡು ಬಿದ್ದ ಹಾಗೆ ಆಗಿದೆ ಕಣಪ್ಪ. ಒಂದ್ಸಲ ಬಂದು ನೋಡ್ತೀಯಾ?"

ಹೋದದ್ದು ಅಕ್ಟೋಬರಿನಲ್ಲಿ. ಮಳೆ ಹಿಂದೆ ಸರಿದು ಎಳೆ ಬಿಸಿಲು ಬಿದ್ದಿತ್ತು. ಕಾಫಿಯವರಿಗೆ ಅದು ಮಳೆಗಾಲದಲ್ಲಿ ಎದ್ದ ಬೇಡದ ಚಿಗುರು ತೆಗೆಯುವ ಕಾಲ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ ಪಂಚಾಂಗ. ಗೋರಂಟೆಯ ಉದ್ದುದ್ದ ಕೊಂಬೆಗಳನ್ನು ನೋಡಿದೆ, ತುದಿಗಳಲ್ಲಿ ಸಣ್ಣ ಸಣ್ಣ ಹಸಿರು ಗಂಟುಗಳಿದ್ದವು. ಮುಟ್ಟಿದರೆ ಬೆರಳಿಗೆ ಚುಚ್ಚುವಂತಿದ್ದವು. ಅವೇ ಮೊಗ್ಗಿನ ಗೂಡುಗಳು ಎಂದು ನನಗೆ ತಿಳಿದಿರಲಿಲ್ಲ. ಯಾರನ್ನೂ ಕೇಳಲಿಲ್ಲ. ಮೊಣಕಾಲೆತ್ತರಕ್ಕೆ ಸವರಿ, ದುಂಡಗೆ ಮಾಡಿ ನಿಲ್ಲಿಸಿದೆ. ಟೀಚರು ಜಗಲಿಯಲ್ಲಿ ನಿಂತು ನೋಡಿದರು. "ಇಷ್ಟೊಂದು ತೆಗೀಬೇಕಾ?" ಅಂದರು.

"ಈಗ ತೆಗೆದ್ರೇನೇ ಟೀಚರೇ ಹೂ ಜಾಸ್ತಿ ಬರೋದು" ಅಂದೆ. ಅವರು ನಂಬಿದರು. ಮಕ್ಕಳಿಗೆ ಪಾಠ ಹೇಳುವವರು, ತಿಳಿದವರ ಮಾತು ಕೇಳಬೇಕು ಅನ್ನುವ ಜಾತಿಯವರು.

ಸವರಿದ ಕಡ್ಡಿಗಳನ್ನು ಒಂದು ಹೊರೆ ಕಟ್ಟಿ, ರಸ್ತೆ ಬದಿಯಲ್ಲಿ ಎಸೆಯೋಣ ಎಂದು ಹೊತ್ತುಕೊಂಡು ಬಂದೆ. ಬಸ್ ಸ್ಟಾಪಿನಲ್ಲಿ ಸೆಲ್ವಿ ಇದ್ದಳು. ನಾನಿದ್ದ ಎಸ್ಟೇಟಿನಲ್ಲಿ ಕಾಫಿ ಕುಯ್ಯುವ ಕೆಲಸದವಳು, ಮಡಿಕೇರಿಗೆ ಆಸ್ಪತ್ರೆಗೆ ಬಂದು ಹೋಗುವಾಗ ಆ ಊರಿನ ತಂಗಿಯನ್ನು ನೋಡಲು ಇಳಿದಿದ್ದಳಂತೆ. ಹೊರೆ ನೋಡಿ, "ಅಣ್ಣ, ಇದು ಡಿಸೆಂಬರ್ ಹೂ ಅಲ್ವಾ? ಎಸೀಬೇಡಿ, ನಂಗೆ ಕೊಡಿ. ಲೈನ್ ಮನೆ ಹಿಂದ್ಗಡೆ ಕೋಳಿಗೆ ಬೇಲಿ ಆಯ್ತದೆ" ಅಂದಳು.

"ಈ ಕಾಲದಲ್ಲಿ ಚುಚ್ಚಿದ್ರೆ ಬೇರು ಬಿಡಲ್ಲ. ಒಲೆಗೆ ಹಾಕ್ಕೋ" ಎಂದು ಕೊಟ್ಟೆ. ಬಸ್ಸು ಬಂತು, ಹತ್ತಿ ಹೋದಳು. ಆ ಹೊರೆಯನ್ನು ನಾನು ಅಲ್ಲಿಗೇ ಮರೆತೆ.

ನವೆಂಬರು ಕಳೆಯಿತು. ಟೀಚರು ನರ್ಸರಿಗೆ ಬಂದು, "ಎಲೆ ಚೆನ್ನಾಗಿದೆ ಪುಟ್ಟಸ್ವಾಮಿ, ಹೂವಿನ ಸುಳಿವೇ ಇಲ್ಲ" ಅಂದರು. ಆಗಲಾದರೂ ನರ್ಸರಿಯ ಹಿರಿಯ ಮಾಲಿಯನ್ನು ಕೇಳಬಹುದಿತ್ತು. ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಕಾಫಿಗೆ ಹೂಮಳೆ ಬಿದ್ದರೆ ತಾನೇ ಹೂ ಬರುವುದು. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತಾರೆ, ವಾರದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅದನ್ನೇ ನೆಚ್ಚಿ, "ದಿನಾ ಎರಡು ಕೊಡ ನೀರು ಹಾಕಿ, ಸಗಣಿ ಗೊಬ್ಬರ ಕೊಡಿ" ಅಂದೆ. ಆ ಚಳಿಯಲ್ಲಿ ಟೀಚರು ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಕೊಡ ಹೊತ್ತು ನೀರು ಹಾಕಿದರು. ಗಿಡ ಇನ್ನಷ್ಟು ಸೊಕ್ಕಿ ಎಲೆ ಬಿಟ್ಟಿತು. ನೆಲ ಒಣಗಿ, ಹಗಲು ಕಿರಿದಾದಾಗ ಹೂ ಬಿಡುವ ಗಿಡಕ್ಕೆ ನೀರು, ಗೊಬ್ಬರ ಕೊಟ್ಟರೆ ಅದು ಯಾಕಾದರೂ ಹೂ ಬಿಡಬೇಕು? ಕಾಫಿ ಸೀಮೆಯವರಲ್ಲದೆ ಬೇರಾರೂ ಇಂಥ ತಪ್ಪು ಮಾಡಲಾರರು.

ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಮನಸ್ಸು ತಡೆಯದೆ ಆ ದೇವಸ್ಥಾನಕ್ಕೆ ಹೋದೆ. ದೇವರ ಕೊರಳಲ್ಲಿ ಪೇಟೆಯ ಸೇವಂತಿಗೆ ಹಾರವಿತ್ತು. ಭಟ್ಟರು ಮಂಗಳಾರತಿ ತಟ್ಟೆ ಹಿಡಿದು ಹೊರಗೆ ಬಂದರು. ನಾನು ಯಾರೆಂದು ಅವರಿಗೆ ಗೊತ್ತಿತ್ತು. ಕೈಗೆ ಹುಗ್ಗಿ ಪ್ರಸಾದ ಕೊಟ್ಟು, "ಗಿಡ ಅಂದ ಮೇಲೆ ಒಂದು ವರ್ಷ ಬಿಡುತ್ತೆ, ಒಂದು ವರ್ಷ ಬಿಡಲ್ಲ. ಬರೋ ವರ್ಷ ಆಗುತ್ತೆ ಬಿಡಪ್ಪ" ಅಂದರು. ಕೆಮ್ಮುತ್ತಲೇ ಅಂದರು.

ಬರುವ ವರ್ಷ ಅವರಿಗೆ ಇರಲಿಲ್ಲ. ಆಷಾಢದ ಮಳೆಯಲ್ಲಿ ಎದೆಯ ಕಾಯಿಲೆ ಜೋರಾಗಿ ತೀರಿಕೊಂಡರು. ಹೆಂಡತಿ ಕಟ್ಟಿದ ಹಾರವಿಲ್ಲದೆ ಅವರು ಪೂಜೆ ಮಾಡಿದ ಒಂದೇ ಧನುರ್ಮಾಸ ಅವರ ಕೊನೆಯದೂ ಆಯಿತು. ಟೀಚರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅದಾದ ಮೇಲೆ ನಾನು ಆ ಗಿಡವನ್ನು ಕಲಿತೆ. ಹಿರಿಯ ಮಾಲಿಯ ಹತ್ತಿರ ತಲೆ ತಗ್ಗಿಸಿ ನಿಂತು ಕೇಳಿದೆ. ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಮನೆ ಹಿತ್ತಲಲ್ಲಿ ಬೆಳೆಸುವವರಿಗೆ ಇಷ್ಟು ಸಾಕು. ಶಿವರಾತ್ರಿ ಹೊತ್ತಿಗೆ ಹೂವಿನ ಕಾಲ ಮುಗಿದಿರುತ್ತದೆ, ಆಗ ಮೊಣಕಾಲೆತ್ತರಕ್ಕೆ ಧೈರ್ಯವಾಗಿ ಸವರಿ. ಜೂನ್ ಮಳೆ ಹಿಡಿದಾಗ ಗೇಣುದ್ದದ ಕಡ್ಡಿಗಳನ್ನು ಮರಳು ಬೆರೆತ ಮಣ್ಣಿಗೆ ಚುಚ್ಚಿ. ಚಿಗುರಿದ ಮೇಲೆ ತುದಿ ಚಿವುಟುತ್ತಾ ಬನ್ನಿ, ಒಂದು ತುದಿ ಇದ್ದಲ್ಲಿ ಎರಡಾಗುತ್ತವೆ. ಗೌರಿ ಹಬ್ಬಕ್ಕೆ ಚಿವುಟುವುದನ್ನು ನಿಲ್ಲಿಸಿ. ಆಮೇಲೆ ಗಿಡ ಎಷ್ಟೇ ಕೆದರಿಕೊಂಡಿರಲಿ, ನೆಂಟರು ಬರಲಿ, ಮಂತ್ರಿ ಬರಲಿ, ಕತ್ತರಿ ಮುಟ್ಟಿಸಬೇಡಿ. ಬಿಸಿಲಿರುವ ಕಡೆ ನೆಡಿ, ನೀರು ನಿಲ್ಲುವ ಕಡೆ ಬೇಡ. ಚಳಿಗಾಲದಲ್ಲಿ ಎಲೆ ಬಾಡಿದರೆ ಮಾತ್ರ ನೀರು ಕೊಡಿ. ಈ ಗಿಡಕ್ಕೆ ಬೇಕಾದ್ದು ಆರೈಕೆಗಿಂತ ಹೆಚ್ಚಾಗಿ ನಮ್ಮ ತಾಳ್ಮೆ.

ಮುಂದಿನ ಧನುರ್ಮಾಸದಲ್ಲಿ ಟೀಚರ ಗಿಡ ಮೈತುಂಬ ಹೂ ಬಿಟ್ಟಿತು. ಹಾರ ಮತ್ತೆ ಹೋಗತೊಡಗಿತು. ನಾನು ಅವರಿಂದ ಕಡ್ಡಿ ಕೇಳಿ ತಂದು ನರ್ಸರಿಯ ಗೇಟಿನಿಂದ ಆಫೀಸಿನವರೆಗೆ ಒಂದು ಸಾಲು ನೆಟ್ಟೆ. ಪ್ರತಿ ವರ್ಷ ಆ ಸಾಲನ್ನು ನೋಡಿಕೊಳ್ಳುವುದು ನನಗೆ ಕೆಲಸವೆನಿಸಲಿಲ್ಲ.

ಎಷ್ಟೋ ವರ್ಷ ಹಾಗೇ ನಡೆಯಿತು. ಸಾಹೇಬರುಗಳು ಬಂದರು, ಹೋದರು. ವಿಧಾನಗಳೂ ಬದಲಾದವು. ಹೊಸದೆಲ್ಲ ಕೆಟ್ಟದ್ದು ಎಂದು ಹೇಳುವ ಮುದುಕ ನಾನಲ್ಲ. ನೆರಳು ಬಲೆ ಬಂದ ಮೇಲೆ ಸಸಿಗಳು ಸಾಯುವುದು ಕಡಿಮೆಯಾಯಿತು. ತೆಂಗಿನ ನಾರಿನ ಪುಡಿ ಬಂದ ಮೇಲೆ ಹೆಂಗಸರಿಗೆ ಮಣ್ಣು ಹೊರುವ ಕಷ್ಟ ತಪ್ಪಿತು. ಆದರೆ ಜನ ಕೇಳುವ ಗಿಡವೂ ಬದಲಾಯಿತು. ಆಂಥೂರಿಯಂ ಬೇಕು, ಬಣ್ಣದ ಎಲೆಯದ್ದು ಬೇಕು. ಗೋರಂಟೆ ಕೊಡುತ್ತೇನೆ ಅಂದರೆ, "ಅದು ಬೇಲಿ ಗಿಡ ಅಲ್ವಾ" ಅನ್ನುತ್ತಿದ್ದರು.

ಒಂದು ನವೆಂಬರಿನಲ್ಲಿ ಆಗಿನ ಸಾಹೇಬರು ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಅವಸರದವರು. ಫಲಪುಷ್ಪ ಪ್ರದರ್ಶನಕ್ಕೆ ಮೊದಲು ಮೇಲಿನವರು ನರ್ಸರಿ ನೋಡಲು ಬರುತ್ತಾರೆ, ಗೇಟಿನಿಂದ ಆಫೀಸಿನವರೆಗೆ ಪೆಟೂನಿಯಾ ಕುಂಡಗಳನ್ನು ಜೋಡಿಸಬೇಕು ಎಂದರು. "ಆ ಪೊದೆ ಸಾಲು ಕಿತ್ತುಬಿಡಿ ಪುಟ್ಟಸ್ವಾಮಿ, ಕಸದ ಹಾಗೆ ಕಾಣ್ತದೆ."

ಮೊಗ್ಗು ಕಟ್ಟಿದ್ದ ಸಾಲು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಸಾಹೇಬರೇ ನಿಂತು ನೋಡುತ್ತಿದ್ದರು. ಅದನ್ನು ನಾನು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು "ಆಯ್ತು ಸಾರ್." ಮಧ್ಯಾಹ್ನದೊಳಗೆ ಕಿತ್ತು, ಹಿಂದೆ ರಾಶಿ ಹಾಕಿ ಬೆಂಕಿ ಕೊಟ್ಟೆವು. ಟೀಚರ ಮನೆಯಲ್ಲಿ ತಾಯಿ ಗಿಡ ಇದೆಯಲ್ಲ, ಯಾವಾಗ ಬೇಕಾದರೂ ಕಡ್ಡಿ ತರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ತಂದೆನೇ? ಇಲ್ಲ. ಸಾಹೇಬರು ಏನನ್ನುತ್ತಾರೋ ಎಂಬ ಅಳುಕು.

ಆಮೇಲೆ ಗುಡ್ಡ ಜರಿದ ಆ ಮಳೆಗಾಲ ಬಂತು. ಅದನ್ನು ಕಂಡವರಿಗೆ ವಿವರಿಸಬೇಕಿಲ್ಲ, ಕಾಣದವರಿಗೆ ವಿವರಿಸಲು ನನ್ನಿಂದ ಆಗದು. ಟೀಚರೂ ಅವರ ಮಗಳು ವಸುಧಾಳೂ ಹಿಂದಿನ ದಿನವೇ ಮನೆ ಬಿಟ್ಟಿದ್ದರಿಂದ ಉಳಿದರು. ದೇವಸ್ಥಾನ ಉಳಿಯಿತು. ಮನೆ, ಬಚ್ಚಲು, ಹಿತ್ತಲು, ಗೋರಂಟೆ, ಯಾವುದೂ ಉಳಿಯಲಿಲ್ಲ. ಟೀಚರಿಂದ ಕಡ್ಡಿ ಪಡೆದು ನೆಟ್ಟಿದ್ದವರೆಲ್ಲ ಅದೇ ಗುಡ್ಡದ ನೆರೆಹೊರೆಯವರು. ಅವರ ಹಿತ್ತಲುಗಳೂ ಮಣ್ಣಿನ ಜೊತೆಗೇ ಇಳಿದು ಹೋದವು.

ನಾನು ನಿವೃತ್ತನಾದ ಮೇಲೆ, ಒಂದು ಡಿಸೆಂಬರಿನಲ್ಲಿ ವಸುಧಾ ಫೋನ್ ಮಾಡಿದಳು. ಅವರಿಗೆ ಆಗ ಸೋಮವಾರಪೇಟೆ ರಸ್ತೆಯ ಕಡೆ ಹೊಸದಾಗಿ ಕಟ್ಟಿದ ಕಾಲೊನಿಯಲ್ಲಿ ಮನೆ ಸಿಕ್ಕಿತ್ತು. "ಅಮ್ಮ ನಿಮ್ಮನ್ನ ಕೇಳ್ತಿದಾರೆ, ಒಂದ್ಸಲ ಬರ್ತೀರಾ" ಅಂದಳು.

ಟೀಚರಿಗೆ ವಯಸ್ಸು ಎಂಬತ್ತರ ಹತ್ತಿರ. ಸಿಟೌಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಬುಲ್‌ಡೋಜರ್ ತಟ್ಟಿದ ಕೆಂಪು ಮಣ್ಣಿನ ಅಂಗಳ, ಒಂದು ಹುಲ್ಲುಕಡ್ಡಿ ಇಲ್ಲ.

"ಧನುರ್ಮಾಸ ಶುರುವಾಯ್ತು ಪುಟ್ಟಸ್ವಾಮಿ" ಅಂದರು. "ಕುಶಾಲನಗರದಿಂದ ಹೂ ತರಿಸಿ ಕಳಿಸ್ತೀನಿ. ದೇವರಿಗೆ ಯಾವ ಹೂವಾದ್ರೇನು ಅಂತ ಎಲ್ಲರೂ ಹೇಳ್ತಾರೆ. ದೇವರಿಗೆ ಆಗಬಹುದು, ನನಗಾಗಲ್ಲ. ನರ್ಸರೀಲಿ ನಮ್ಮ ಗೋರಂಟೆ ಸಾಲು ಇತ್ತಲ್ಲ, ಅದರಲ್ಲಿ ಒಂದು ಕಡ್ಡಿ ತಂದುಕೊಡ್ತೀಯಾ?"

ಕಿತ್ತು ಸುಟ್ಟೆ ಎಂದು ಹೇಳಬೇಕಾಯಿತು. ಹೇಳಿದೆ. ಅವರು ಅಂಗಳ ನೋಡಿದರು. "ಹಾಗಾದ್ರೆ ಎಲ್ಲೂ ಇಲ್ಲ" ಅಂದರು. ಅಷ್ಟೇ. ಕಾಫಿ ಕುಡಿಸಿ ಕಳಿಸಿದರು.

ಆ ದಿನದಿಂದ ನನಗೆ ಬೇರೆ ಕೆಲಸವಿರಲಿಲ್ಲ. ಆ ಸಾಲಿನಿಂದ ಯಾರು ಯಾರಿಗೆ ಕಡ್ಡಿ ಕೊಟ್ಟಿದ್ದೆ ಎಂದು ನೆನಪು ಮಾಡಿಕೊಂಡು ಒಂದೊಂದೇ ಮನೆಗೆ ಹೋದೆ. ಒಂದು ಕಡೆ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದರು, ಇನ್ನೊಂದು ಕಡೆ ಹೋಂಸ್ಟೇ ಕಟ್ಟಿದ್ದರು. ನೇರಳೆ ಗೋರಂಟೆ ಬೇಕಾದಷ್ಟು ಕಂಡಿತು, ಪಟ್ಟಿಯದು ಎಲ್ಲೂ ಇಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಟೀಚರ ಹಳೆಯ ಊರಿನ ಸ್ಟಾಪ್ ಬಂತು. ನನ್ನ ಹೆಗಲಿನ ಮೇಲೆ ಹೊರೆ ಇದ್ದ ಆ ದಿನ ಆಗ ನೆನಪಾಯಿತು.

ಬೇರು ಬಿಡುವುದಿಲ್ಲ ಎಂದು ನಾನೇ ಹೇಳಿ ಕೊಟ್ಟ ಕಡ್ಡಿಗಳು. ಆದರೂ ಮರುದಿನ ಸೋಮವಾರಪೇಟೆ ಬಸ್ ಹತ್ತಿದೆ.

ಸೆಲ್ವಿ ಈಗ ಕೆಲಸಕ್ಕೆ ಹೋಗುವುದಿಲ್ಲ, ಮಂಡಿ ನೋವು. ಮಗಳ ಜೊತೆ ಅದೇ ಲೈನಿನಲ್ಲಿದ್ದಾಳೆ. ನನ್ನ ಗುರುತು ಹಿಡಿಯಲು ಅವಳಿಗೆ ಹೊತ್ತು ಹಿಡಿಯಿತು. ವಿಷಯ ಹೇಳಿದ್ದಕ್ಕೆ ನಕ್ಕುಬಿಟ್ಟಳು. "ನೀವು ಒಲೆಗೆ ಹಾಕು ಅಂದ್ರಿ. ಹಸಿ ಕಡ್ಡಿ ಒಲೇಲಿ ಉರೀತದಾ ಅಣ್ಣ? ಅದಕ್ಕೇ ಚುಚ್ಚಿದೆ" ಅಂದಳು.

ಲೈನಿನ ಹಿಂದೆ ಹೋದೆವು. ಕೋಳಿಗೂಡಿನ ಸುತ್ತ ಎದೆಯೆತ್ತರದ ಬೇಲಿ. ಬಿಳಿ ಎಸಳು, ನಡುವೆ ನೇರಳೆ ಪಟ್ಟಿ. ಸೆಲ್ವಿಯ ಮೊಮ್ಮಗಳ ಜಡೆಯಲ್ಲೂ ಅದೇ ಹೂ ಇತ್ತು. ನಾನು ಆ ಬೇಲಿಯ ಮುಂದೆ ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಸೆಲ್ವಿ ಒಳಗೆ ಹೋಗಿ ಒಂದು ಲೋಟ ನೀರು ತಂದಳು.

ಒಂದು ಹಿಡಿ ಹೂವನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಅದೇ ದಿನ ಟೀಚರ ಮನೆಗೆ ಹೋದೆ. ಅವರು ಒಂದು ಹೂವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು, ತಿರುಗಿಸಿ ಹಿಂಬದಿ ನೋಡಿದರು. "ನಮ್ಮದೇ" ಅಂದರು. ಸಿಕ್ಕಿದ ಕಥೆಯನ್ನೆಲ್ಲ ಕೇಳಿಸಿಕೊಂಡ ಮೇಲೆ, "ನನ್ನ ಅಂಗಳದಲ್ಲಿ ಇದು ಅರಳಿದ್ದನ್ನ ನೋಡೋಷ್ಟು ದಿನ ನಾನಿರ್ತೀನಾ" ಎಂದು ಕೇಳಿದರು. ನನಗೂ ಅದೇ ಭಯವಿತ್ತು.

ಆದರೂ ಈ ಸಲ ಅವಸರ ಮಾಡಲಿಲ್ಲ. ಜೂನ್ ಬಂದ ಮೇಲೆ ಕಡ್ಡಿ ತಂದು ಬೇರು ಬರಿಸಿ ಕಾಲೊನಿಯ ಅಂಗಳದಲ್ಲಿ ನೆಟ್ಟೆ. ತಟ್ಟಿದ ಮಣ್ಣಿನಲ್ಲಿ ನೀರು ಇಂಗದೆ ಮೊದಲ ವರ್ಷವೇ ಅರ್ಧ ಗಿಡಗಳು ಕೊಳೆತವು, ಉಳಿದವು ಹೂ ಬಿಡುವಷ್ಟು ಬಲಿಯಲಿಲ್ಲ. ಮತ್ತೆ ಮರಳು, ತರಗೆಲೆ ಗೊಬ್ಬರ ಹಾಕಿ ಏರಿ ಮಾಡಿ ನೆಟ್ಟೆ. ಟೀಚರು ಆ ಚಳಿಗಾಲದಲ್ಲಿ ಎರಡು ಸಲ ಆಸ್ಪತ್ರೆ ಸೇರಿ ಬಂದರು. ಎರಡನೇ ವರ್ಷ ರಸ್ತೆ ಬದಿಯ ಬೇಲಿಯುದ್ದಕ್ಕೂ ಪೊದೆ ಕಟ್ಟಿಕೊಂಡಿತು. ಗೌರಿ ಹಬ್ಬದ ದಿನ ನನ್ನ ಕತ್ತರಿಗೆ ಎಣ್ಣೆ ಹಚ್ಚಿ ಅಟ್ಟಕ್ಕೆ ಹಾಕಿದೆ. ನವೆಂಬರಿನಲ್ಲಿ ತುದಿ ತುದಿಗೂ ಹಸಿರು ಗಂಟು ಕಟ್ಟಿತು.

ಆಗಲೇ ಕಾಲೊನಿಗೆ ಯಾರೋ ದೊಡ್ಡವರು ಬರುತ್ತಾರೆಂದು ಸುದ್ದಿ ಬಂತು. ರಸ್ತೆ ಬದಿ ಚೊಕ್ಕಟ ಮಾಡಲು ಹುಲ್ಲು ಕತ್ತರಿಸುವ ಮೆಷಿನ್ ಹಿಡಿದ ಇಬ್ಬರು ಆಳುಗಳು ಬಂದರು. ಅವರ ಜೊತೆ ಉಸ್ತುವಾರಿಗೆ ಬಂದವಳೇ ಈ ನಿಶಾ. ಅವಳನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮೆಷಿನ್ ಸದ್ದು ಮೂರು ಮನೆ ಆಚೆ ಕೇಳುತ್ತಿತ್ತು. ನಾನು ಹೋಗಿ ಗಿಡಗಳ ಮುಂದೆ ನಿಂತೆ. ಟೀಚರು ಸಿಟೌಟಿನಿಂದ ನೋಡುತ್ತಿದ್ದರು.

"ಸಾರ್, ಬೇಲಿ ಎಲ್ಲ ಒಂದೇ ಲೆವೆಲ್ ಮಾಡಿ ಅಂತ ಆರ್ಡರ್ ಇದೆ" ಅಂದಳು ನಿಶಾ.

"ಇದನ್ನ ಬಿಡಮ್ಮ. ಮೊಗ್ಗಿದೆ" ಅಂದೆ. ತುದಿಯೊಂದನ್ನು ಬಿಡಿಸಿ ಒಳಗಿನ ಮೊಗ್ಗು ತೋರಿಸಿದೆ. "ಈಗ ಸವರಿದ್ರೆ ಈ ವರ್ಷ ಹೂವಿಲ್ಲ. ಆ ಅಮ್ಮನಿಗೆ ಬರೋ ವರ್ಷ ಅನ್ನೋದು ಗ್ಯಾರಂಟಿ ಇಲ್ಲ. ನಾನು ಇಲ್ಲಿಂದ ಕದಲಲ್ಲ. ನಿನಗೆ ತೊಂದ್ರೆ ಆಗೋದಾದ್ರೆ, ಪುಟ್ಟಸ್ವಾಮಿ ಅಡ್ಡ ನಿಂತ ಅಂತ ಹೇಳು."

ಅವಳು ಆ ಮೊಗ್ಗನ್ನು ನೋಡಿದಳು, ಟೀಚರನ್ನು ನೋಡಿದಳು, ಫೋನ್ ತೆಗೆದಳು. ನನ್ನ ಹೆಸರು ಹೇಳಲೇ ಇಲ್ಲ. "ಸಾರ್, ಒಂದು ಮನೆ ಮುಂದೆ ಹೂವಿನ ಗಿಡ ಇದೆ, ಮೊಗ್ಗು ಬಂದಿದೆ. ಈಗ ಕಟ್ ಮಾಡೋದು ಸರಿಯಲ್ಲ ಸಾರ್. ಫೆಬ್ರವರಿಲಿ ಮಾಡೋಣ" ಅಂದಳು. ಆಚೆಯಿಂದ ಏನೋ ಅಂದರು. "ಸರಿ ಸಾರ್" ಎಂದು ಫೋನ್ ಇಟ್ಟಳು.

"ಏನಂದ್ರು?" ಅಂದೆ.

"ಹಾಗಾದ್ರೆ ಅದೊಂದು ಬಿಡಿ ಅಂದ್ರು."

ಅಷ್ಟೇ. ಒಂದು ಮಾತು, ಅರ್ಧ ನಿಮಿಷ. ನನಗೆ ಸಂತೋಷವಾಗುವ ಮೊದಲು ಆ ಸುಟ್ಟ ಸಾಲು ನೆನಪಾಯಿತು. ಆ ನವೆಂಬರಿನಲ್ಲಿ ನರ್ಸರಿಯ ಸಾಲಿನ ಮುಂದೆ ನಿಂತು ನಾನು ಹೀಗೆ ಹೇಳಿದ್ದರೆ, ಆ ಸಾಹೇಬರೂ ಬಿಡಿ ಅನ್ನುತ್ತಿದ್ದರೋ ಏನೋ. ಅನ್ನದೆಯೂ ಇರಬಹುದಿತ್ತು. ನಾನು ಕೇಳಲೇ ಇಲ್ಲವಲ್ಲ. ನಿಶಾ, ಈ ನೋಟ್‌ಬುಕ್ಕಿನಲ್ಲಿ ನಾನು ನಿನಗೆ ಹೇಳಬಹುದಾದ ದೊಡ್ಡ ಮಾತು ಇದು, ಅದನ್ನು ನೀನು ನನಗಿಂತ ಮೊದಲೇ ಕಲಿತಿದ್ದೀಯ.

ಧನುರ್ಮಾಸದ ಮೊದಲ ದಿನ ಬೆಳಗಿನ ಜಾವ ಹೋದೆ. ವಸುಧಾ ಟಾರ್ಚ್ ಹಿಡಿದಿದ್ದಳು. ಟೀಚರು ಶಾಲು ಹೊದ್ದು, ಇಬ್ಬನಿ ತೊಟ್ಟಿಕ್ಕುವ ಗಿಡದಿಂದ ಒಂದೊಂದೇ ಹೂ ಬಿಡಿಸಿದರು. ಬೆರಳು ನಿಧಾನ, ಆದರೆ ನಾರಿನ ಗಂಟು ಒಂದೂ ತಪ್ಪಲಿಲ್ಲ. ಕಟ್ಟುತ್ತಲೇ ಅಂದರು, "ಅವತ್ತು ಯಾಕೆ ಸವರಿದೆ ಅಂತ ನಾನು ನಿನ್ನ ಕೇಳಲೇ ಇಲ್ಲ."

"ಇಲ್ಲ ಟೀಚರೇ."

"ಸವರದೇ ಇದ್ದಿದ್ರೆ ಇವತ್ತು ಇದು ಇರ್ತಿರಲಿಲ್ಲ. ಅವರೂ ಇದ್ದಿದ್ರೆ ಹೀಗೇ ಹೇಳ್ತಿದ್ರು."

ನನ್ನ ಸಮಾಧಾನಕ್ಕೆ ಹೇಳಿದ ಮಾತು ಎಂದು ನನಗೆ ಗೊತ್ತು. ತಪ್ಪು ತಪ್ಪೇ. ಒಂದು ಕೋಳಿ ಬೇಲಿಯಿಂದ ಅದು ಅಳಿಸಿ ಹೋಗುವುದಿಲ್ಲ. ಆದರೂ ಆ ಮಾತನ್ನು ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಹಾರವನ್ನು ಬಾಳೆಲೆಯಲ್ಲಿ ಸುತ್ತಿ ವಸುಧಾಳ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು. ದೇವಸ್ಥಾನ ಅಲ್ಲಿಂದ ಎರಡು ಬಸ್ಸಿನ ದಾರಿ. ಆ ಹೊತ್ತಿಗೆ ಬಸ್ಸಿರಲಿಲ್ಲ, ಆಟೋ ಹಿಡಿದೆ. ಬೆಳಕು ಹರಿಯುವಷ್ಟರಲ್ಲಿ ತಲುಪಿದೆ. ಈಗಿನ ಅರ್ಚಕರು ಭಟ್ಟರ ತಮ್ಮನ ಮಗ. ಹಾರ ನೋಡಿ, ಆಗಲೇ ಹಾಕಿದ್ದ ಸೇವಂತಿಗೆ ಹಾರವನ್ನು ತೆಗೆದು ಇದನ್ನು ಹಾಕಿದರು.

ಆ ಮೂವತ್ತು ದಿನವೂ ಹಾರ ಕೊಂಡುಹೋದವನು ನಾನೇ.